‘ಸ್ವತಂತ್ರ’ ಎಂದು ಬರೆದುಕೊಂಡ ಮೇಲೆ

ಒಂದೇ ಕಂಪನಿಯ ದಾಸ್ತಾನು ವಿಭಾಗದಲ್ಲಿ 14 ವರ್ಷ ದುಡಿದು, ಆ ನೌಕರಿಯನ್ನು ಬಿಟ್ಟು ಸ್ವತಂತ್ರ ಸಲಹೆಗಾರ್ತಿಯಾಗಿ ನಿಂತು ಈಗ 9 ವರ್ಷವಾಯಿತು. ಗೋದಾಮಿಗೆ ಬಂದ ಸರಕು ಎಲ್ಲಿ ಕೂರುತ್ತದೆ, ಯಾವಾಗ ಹೊರಡುತ್ತದೆ, ಪುಸ್ತಕದ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ ಏಕೆ ತಾಳೆಯಾಗುವುದಿಲ್ಲ ಎಂಬುದಷ್ಟೇ ನನಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಅದನ್ನೇ ನಂಬಿಕೊಂಡು ಹೊರಬಂದೆ. ಇದೇ ದಾರಿಗೆ ಬರಬೇಕೆಂದಿರುವವರು ನನ್ನನ್ನು ಕೇಳುವುದು ಬಹುಮಟ್ಟಿಗೆ ಎರಡೇ ಪ್ರಶ್ನೆ: ಮೊದಲ ಗ್ರಾಹಕರು ಸಿಗುವುದು ಹೇಗೆ, ದಿನಕ್ಕೆ ಎಷ್ಟು ಶುಲ್ಕ ಹೇಳಬೇಕು. ಎರಡಕ್ಕೂ ನನ್ನ ಮಟ್ಟಿಗೆ ಉತ್ತರವಿದೆ, ಮುಂದೆ ಹೇಳುತ್ತೇನೆ. ಆದರೆ ನಾನು ಎಡವಿದ್ದು ಬೇರೆ ಕಡೆ. ಯಾರೂ ಕೇಳದ ಆ ಜಾಗದ ಬಗ್ಗೆ ಮೊದಲು ಬರೆಯಬೇಕೆನಿಸುತ್ತದೆ.

ವಿಸಿಟಿಂಗ್ ಕಾರ್ಡಿನ ಮೇಲೆ ‘ಸ್ವತಂತ್ರ ಸಲಹೆಗಾರ್ತಿ’ ಎಂದು ಅಚ್ಚು ಹಾಕಿಸಿದಾಗ, ಆ ಮೊದಲ ಪದಕ್ಕೆ ‘ಯಾರ ಕೈಕೆಳಗೂ ಇಲ್ಲದವಳು’ ಎಂಬುದಕ್ಕಿಂತ ಹೆಚ್ಚಿನ ಅರ್ಥವನ್ನು ನಾನು ಕೊಟ್ಟಿರಲಿಲ್ಲ. ತಂತ್ರವೆಂದರೆ ಮೂಲದಲ್ಲಿ ಮಗ್ಗ, ಮಗ್ಗಕ್ಕೆ ಹೂಡಿದ ಹಾಸು. ಆಮೇಲೆ ವ್ಯವಸ್ಥೆ, ಕ್ರಮ ಎಂಬ ಅರ್ಥಗಳು ಅದಕ್ಕೆ ಸೇರಿಕೊಂಡವು. ನೌಕರಿಯಲ್ಲಿದ್ದಾಗ ಹಾಸು ಬೇರೆಯವರದು, ಹೊಕ್ಕು ಮಾತ್ರ ನನ್ನದಾಗಿತ್ತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕು, ಯಾವ ಸಮಸ್ಯೆಯನ್ನು ಮೊದಲು ಎತ್ತಿಕೊಳ್ಳಬೇಕು, ಯಾವುದು ನಮ್ಮ ವಿಭಾಗಕ್ಕೆ ಸೇರಿದ್ದಲ್ಲ, ತಿಂಗಳ ಸಂಬಳ ಎಂದು ಬರುತ್ತದೆ ಎಂಬುದನ್ನೆಲ್ಲ ಯಾರೋ ಮುಂಚೆಯೇ ಎಳೆಎಳೆಯಾಗಿ ಹೂಡಿಟ್ಟಿದ್ದರು. ಹೊರಗೆ ಬಂದ ದಿನ ಆ ಎಳೆಗಳೆಲ್ಲ ಒಮ್ಮೆಗೇ ಇಲ್ಲವಾದವು. ಅವನ್ನು ಹೊಸದಾಗಿ ಹೂಡುವ ಹೊಣೆ ನನ್ನದೇ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು, ಮತ್ತು ಆ ತಿಳಿವಳಿಕೆಗೆ ಬೆಲೆ ತೆತ್ತದ್ದು ನಾನೊಬ್ಬಳೇ ಅಲ್ಲ, ನನ್ನ ಮೊದಲ ಗ್ರಾಹಕರೂ ಹೌದು.

ಅದು ಯಂತ್ರಗಳ ಬಿಡಿಭಾಗಗಳನ್ನು ಸಗಟಾಗಿ ವಿತರಿಸುವ ಮಧ್ಯಮ ಗಾತ್ರದ ಒಂದು ಸಂಸ್ಥೆ. ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಪರಿಚಯವಾಯಿತು. ಮಾಲೀಕರು ತಮ್ಮ ಮಾತನ್ನು ಬಹಳ ಸ್ಪಷ್ಟವಾಗಿಯೇ ಮುಂದಿಟ್ಟರು: ದಾಸ್ತಾನಿನ ಲೆಕ್ಕ ಪ್ರತಿ ತಿಂಗಳೂ ತಪ್ಪುತ್ತಿದೆ, ಹಳೆಯ ಸಾಫ್ಟ್‌ವೇರ್ ಬದಲಿಸಬೇಕು, ಮೂರು ಕಂಪನಿಗಳು ದರಪಟ್ಟಿ ಕೊಟ್ಟಿವೆ, ಯಾವುದನ್ನು ಕೊಳ್ಳಬೇಕೆಂದು ನೀವು ಹೇಳಿ. ನಾನು ಐದು ವಾರ ಕೆಲಸ ಮಾಡಿದೆ. ಮೂರೂ ಸಾಫ್ಟ್‌ವೇರ್‌ಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದೆ, ಅಂಕ ಕೊಟ್ಟೆ, ಅಚ್ಚುಕಟ್ಟಾದ ವರದಿ ಬರೆದೆ, ಒಂದನ್ನು ಸೂಚಿಸಿದೆ. ಅವರು ಅದನ್ನೇ ಕೊಂಡರು. ಶುಲ್ಕ ಪೂರ್ತಿ ಬಂತು. ಆರು ತಿಂಗಳ ಬಳಿಕ ಅವರಿಂದ ಫೋನ್ ಬಂತು: ಲೆಕ್ಕ ಈಗಲೂ ತಪ್ಪುತ್ತಿದೆ, ಮೊದಲಿನಷ್ಟೇ.

ಮತ್ತೆ ಹೋದೆ. ಈ ಸಲ ಕಂಪ್ಯೂಟರಿನ ಮುಂದೆ ಕೂರದೆ, ಸರಕು ಇಳಿಸುವ ಬಾಗಿಲಿನ ಬಳಿ ಎರಡು ದಿನ ನಿಂತುಕೊಂಡೆ. ಕೆಲವು ಸರಬರಾಜುದಾರರ ಸರಕು ಹನ್ನೆರಡರ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಒಳಗೆ ತೆಗೆದುಕೊಳ್ಳುವಾಗ ಪೆಟ್ಟಿಗೆಗಳನ್ನು ಎಣಿಸಿ ಬರೆಯುತ್ತಿದ್ದರು, ಹೊರಗೆ ಕಳಿಸುವಾಗ ಬಿಡಿಯಾಗಿ ಎಣಿಸುತ್ತಿದ್ದರು. ನಡುವೆ ಹನ್ನೆರಡರಿಂದ ಗುಣಿಸುವ ಕೆಲಸ ಯಾರ ಪಾಲಿನದೆಂದು ಯಾರೂ ಗೊತ್ತುಮಾಡಿರಲಿಲ್ಲ. ಇದರ ಜೊತೆಗೆ, ಗಿರಾಕಿಗಳು ಹಿಂದಿರುಗಿಸಿದ ಭಾಗಗಳು ರಾತ್ರಿ ಪಾಳಿಯಲ್ಲಿ ಬಂದರೆ ಕಪಾಟಿಗೆ ಆಗಲೇ ಹೋಗುತ್ತಿದ್ದವು, ಪುಸ್ತಕಕ್ಕೆ ಮಾತ್ರ ಮರುದಿನ ಅಥವಾ ಅದರ ಮರುದಿನ. ಯಾವ ಸಾಫ್ಟ್‌ವೇರ್ ತಂದು ಕೂರಿಸಿದರೂ ಈ ಎರಡು ತಪ್ಪುಗಳು ಹಾಗೇ ಉಳಿಯುತ್ತಿದ್ದವು. ಹೊಸ ಸಾಫ್ಟ್‌ವೇರ್ ಅವನ್ನು ಇನ್ನಷ್ಟು ವೇಗವಾಗಿ ಮಾಡುತ್ತಿತ್ತು, ಅಷ್ಟೇ.

ಇದನ್ನು ಮಾಲೀಕರಿಗೆ ವಿವರಿಸುವಾಗ ನಾನು ಮತ್ತೊಂದು ಸಂಗತಿಯನ್ನೂ ಹೇಳಬೇಕಾಯಿತು. ಮೊದಲ ಸಲ ಬಂದಾಗ, ಮೊದಲ ವಾರದಲ್ಲೇ, ಗೋದಾಮಿನ ಹಿರಿಯ ನೌಕರರೊಬ್ಬರು ನನಗೆ ಹೇಳಿದ್ದರು: “ಮೇಡಂ, ತಪ್ಪು ಕಂಪ್ಯೂಟರಿಂದಲ್ಲ. ನಾವು ಎಣಿಸೋದರಲ್ಲೇ ಇದೆ.” ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡು ಸುಮ್ಮನಾಗಿದ್ದೆ.

“ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ನೀವು?” ಎಂದು ಮಾಲೀಕರು ಕೇಳಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ನಿಜವಾದ ಅಚ್ಚರಿಯಿತ್ತು.

ಕೇಳಿದ ಪ್ರಶ್ನೆಯ ವ್ಯಾಪ್ತಿಗೆ ಅದು ಬರುತ್ತಿರಲಿಲ್ಲ ಎಂದು ನಾನು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನಿಜವಾದ ಕಾರಣ ಬೇರೆಯಿತ್ತು. ಆಗ ನನಗಿದ್ದದ್ದು ಅವರೊಬ್ಬರೇ ಗ್ರಾಹಕರು. ಉಳಿತಾಯ ಮೂರು ತಿಂಗಳಿಗೆ ಮಾತ್ರ ಸಾಲುವಷ್ಟಿತ್ತು. ‘ನಿಮ್ಮ ಪ್ರಶ್ನೆಯೇ ಸರಿಯಿಲ್ಲ’ ಎಂದು ಮೊದಲ ವಾರದಲ್ಲೇ ಹೇಳಿದರೆ ಉಳಿದ ನಾಲ್ಕು ವಾರಗಳ ಕೆಲಸ ಕೈತಪ್ಪಬಹುದೆಂಬ ಹೆದರಿಕೆ ನನ್ನ ಬಾಯಿ ಕಟ್ಟಿತ್ತು. ಕಾರ್ಡಿನ ಮೇಲೆ ಸ್ವತಂತ್ರಳೆಂದು ಬರೆದುಕೊಂಡವಳು, ನೌಕರಿಯಲ್ಲಿದ್ದಾಗ ಮೇಲಧಿಕಾರಿಯ ಎದುರು ನಿರ್ಭಿಡೆಯಿಂದ ಆಡುತ್ತಿದ್ದ ಮಾತನ್ನು ಗ್ರಾಹಕರ ಎದುರು ಆಡಲಾರದೆ ಹೋದೆ. ಅಂದಿನಿಂದ ಶುಲ್ಕ, ಉಳಿತಾಯ, ಒಪ್ಪಂದ ಪತ್ರ, ಗ್ರಾಹಕರ ಸಂಖ್ಯೆ ಎಲ್ಲವನ್ನೂ ನಾನು ಒಂದೇ ದೃಷ್ಟಿಯಿಂದ ನೋಡತೊಡಗಿದೆ: ಕಂಡದ್ದನ್ನು ಹೇಳುವ ಧೈರ್ಯಕ್ಕೆ ಇದು ಆಸರೆಯಾಗುತ್ತದೆಯೇ, ಅಡ್ಡಿಯಾಗುತ್ತದೆಯೇ?

ಸಲಹೆಯ ವೃತ್ತಿಯನ್ನು ಆಳವಾಗಿ ಅಧ್ಯಯನ ಮಾಡಿದ ಎಡ್ಗರ್ ಶೈನ್ ಎಂಬ ಅಮೆರಿಕದ ಪ್ರಾಧ್ಯಾಪಕರು ಗ್ರಾಹಕ ಮತ್ತು ಸಲಹೆಗಾರರ ಸಂಬಂಧವನ್ನು ಮೂರು ಬಗೆಯಾಗಿ ಗುರುತಿಸಿದರು. ಮೊದಲನೆಯದು ಪರಿಣತಿಯ ಖರೀದಿ: ತನಗೆ ಏನು ಬೇಕೆಂದು ಗ್ರಾಹಕನಿಗೆ ಗೊತ್ತಿದೆ, ಅದನ್ನು ತಂದುಕೊಡುವವರು ಬೇಕು. ಎರಡನೆಯದು ವೈದ್ಯ ಮತ್ತು ರೋಗಿಯ ಸಂಬಂಧ: ಎಲ್ಲೋ ನೋಯುತ್ತಿದೆ ಎಂದು ಗೊತ್ತಿದೆ, ಏನೆಂದು ಪತ್ತೆಹಚ್ಚಿ ಮದ್ದು ಕೊಡಬೇಕು. ಮೂರನೆಯದರಲ್ಲಿ ಸಲಹೆಗಾರ ಗ್ರಾಹಕನ ಜೊತೆಗೂಡಿ ಸಮಸ್ಯೆಯನ್ನು ಕಂಡುಕೊಳ್ಳಲು ನೆರವಾಗುತ್ತಾನೆ. ಪರಿಹಾರ ಗ್ರಾಹಕನ ಕೈಯಲ್ಲೇ ರೂಪುಗೊಳ್ಳುತ್ತದೆ. ನನ್ನ ಅನುಭವದಲ್ಲಿ, ಬರುವ ಕೆಲಸಗಳಲ್ಲಿ ಬಹುಪಾಲು ಮೊದಲನೆಯ ಬಗೆಯ ವೇಷದಲ್ಲಿ ಬರುತ್ತವೆ, ಒಳಗೆ ಎರಡನೆಯದೋ ಮೂರನೆಯದೋ ಆಗಿರುತ್ತವೆ. ಗ್ರಾಹಕರು ಕಾಯಿಲೆಯನ್ನು ತಾವೇ ನಿರ್ಧರಿಸಿ, ಔಷಧಿಯ ಹೆಸರನ್ನೂ ಬರೆದುಕೊಂಡು ಬಂದಿರುತ್ತಾರೆ. ಹಾಗೆಂದು ಅವರನ್ನು ದೂರುವಂತಿಲ್ಲ. ಸಮಸ್ಯೆಯೊಡನೆ ದಿನವೂ ಬಾಳುವವರಿಗೆ ಅದರ ಬಗ್ಗೆ ಒಂದು ವಿವರಣೆ ಹುಟ್ಟಿಕೊಂಡೇ ಇರುತ್ತದೆ. ಆ ವಿವರಣೆಯನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಆದರೆ ಅದೇ ಕೊನೆಯ ಮಾತೆಂದು ಒಪ್ಪಿಕೊಳ್ಳಬಾರದು.

ಆದ್ದರಿಂದ ಈಗ ನಾನು ಯಾವ ಕೆಲಸವನ್ನೂ ಒಂದೇ ಏಟಿಗೆ ಪೂರ್ತಿಯಾಗಿ ಒಪ್ಪಿಕೊಳ್ಳುವುದಿಲ್ಲ. ಮೊದಲು ಮೂರರಿಂದ ಐದು ದಿನಗಳ ಒಂದು ಸಣ್ಣ ಅಧ್ಯಯನ, ಅದಕ್ಕೆ ಪ್ರತ್ಯೇಕ ಶುಲ್ಕ, ಕೊನೆಯಲ್ಲಿ ಎರಡೇ ಪುಟದ ಟಿಪ್ಪಣಿ. ನಿಜವಾದ ಪ್ರಶ್ನೆ ಯಾವುದು, ಅದಕ್ಕೆ ನಾನು ತಕ್ಕವಳೇ ಎಂಬುದಷ್ಟೇ ಆ ಟಿಪ್ಪಣಿಯ ವಿಷಯ. ಅಲ್ಲಿಗೆ ಇಬ್ಬರೂ ಬಿಡುಗಡೆ. ಮುಂದುವರಿಯಬೇಕೆಂದು ಇಬ್ಬರಿಗೂ ಅನಿಸಿದರೆ ಹೊಸ ಒಪ್ಪಂದ. ಈ ಅಧ್ಯಯನವನ್ನು ಉಚಿತವಾಗಿ ಮಾಡಿಕೊಡಿ ಎನ್ನುವವರು ಇರುತ್ತಾರೆ, ಮತ್ತು ಹೊಸಬರು ಅದಕ್ಕೆ ಬೇಗ ಒಪ್ಪುತ್ತಾರೆ. ಒಪ್ಪಬೇಡಿ ಎಂದೇ ನನ್ನ ಮಾತು. ಉಚಿತವಾಗಿ ರೋಗ ಕಂಡುಹಿಡಿದವರಿಗೆ ಔಷಧಿ ಮಾರಿಯೇ ಬದುಕಬೇಕಾಗುತ್ತದೆ. ಆಗ ಎಲ್ಲ ರೋಗಗಳೂ ತನ್ನ ಬಳಿಯಿರುವ ಔಷಧಿಗೆ ಹೊಂದುವಂತೆ ಕಾಣತೊಡಗುತ್ತವೆ.

ಇನ್ನು ಹಣದ ಮಾತು. ದಿನದ ಶುಲ್ಕವನ್ನು ಗೊತ್ತುಮಾಡುವಾಗ ಹೊಸಬರು ಮಾಡುವ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಹಿಂದಿನ ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸುವುದು, ಸ್ವಲ್ಪ ಮೇಲೆ ಸೇರಿಸುವುದು. ನಾನೂ ಹಾಗೆಯೇ ಮಾಡಿದ್ದೆ. ವರ್ಷದ 365 ದಿನಗಳಲ್ಲಿ ವಾರಕ್ಕೆರಡರಂತೆ 104 ರಜಾದಿನಗಳು ಹೋದರೆ 261 ಉಳಿಯುತ್ತವೆ. ಸಾರ್ವತ್ರಿಕ ರಜೆ, ಸ್ವಂತ ರಜೆ, ಕಾಯಿಲೆ ಎಂದು 31 ದಿನ ಕಳೆದರೆ 230. ನೌಕರಿಯಲ್ಲಿ ಈ 230 ದಿನಗಳಿಗೂ ಸಂಬಳವಿದೆ, ಕಳೆದ ದಿನಗಳಲ್ಲಿ ಹೆಚ್ಚಿನವಕ್ಕೂ ಇದೆ. ಸ್ವತಂತ್ರವಾಗಿ ನಿಂತವರಿಗೆ ಈ 230ರಲ್ಲಿ ಎಲ್ಲವೂ ದುಡಿಮೆಯ ದಿನಗಳಲ್ಲ. ಕೆಲಸ ಹುಡುಕುವುದು, ಪ್ರಸ್ತಾವನೆ ಬರೆಯುವುದು, ಬಿಲ್ಲು ಕಳಿಸಿ ಅದರ ಹಿಂದೆ ಬೀಳುವುದು, ಲೆಕ್ಕಪತ್ರ, ತೆರಿಗೆ, ಹೊಸದನ್ನು ಕಲಿಯುವುದು, ಕೊನೆಗೂ ಕೈಗೂಡದ ಮಾತುಕತೆಗಳು, ಇವೆಲ್ಲ ಮೊದಲ ವರ್ಷಗಳಲ್ಲಿ ಹತ್ತಿರಹತ್ತಿರ ಅರ್ಧವನ್ನು ನುಂಗುತ್ತವೆ. ಬಿಲ್ಲು ಹಾಕಬಹುದಾದ ದಿನಗಳು 120 ಸಿಕ್ಕರೆ ಅದು ಒಳ್ಳೆಯ ವರ್ಷವೇ.

ಹಿಂದಿನ ವಾರ್ಷಿಕ ಸಂಬಳ 100 ಪಾಲು ಎಂದುಕೊಳ್ಳೋಣ. ಕಂಪನಿ ನಮ್ಮ ಪರವಾಗಿ ಸದ್ದಿಲ್ಲದೆ ಭರಿಸುತ್ತಿದ್ದ ವಿಮೆ, ನಿವೃತ್ತಿಯ ನಿಧಿ, ಕಂಪ್ಯೂಟರು, ಫೋನು, ಪ್ರಯಾಣ, ತರಬೇತಿ, ಲೆಕ್ಕಿಗರ ಶುಲ್ಕ ಎಲ್ಲ ಸೇರಿ ಇನ್ನೊಂದು 50 ಪಾಲು ಬೇಕಾಗುತ್ತದೆ ಎನ್ನೋಣ. ಈ 150 ಪಾಲನ್ನು 120 ದಿನಗಳಲ್ಲಿ ದುಡಿಯಬೇಕು, ದಿನಕ್ಕೆ 1.25 ಪಾಲು. ನೌಕರಿಯಲ್ಲಿ 100 ಪಾಲನ್ನು 230 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 0.43. ಅಂದರೆ ಮೊದಲಿನಷ್ಟೇ ಬದುಕನ್ನು ಬದುಕಲು, ಒಂದು ಕಾಸೂ ಹೆಚ್ಚಿಲ್ಲದೆ, ದಿನದ ಶುಲ್ಕ ಹಳೆಯ ದಿನಗೂಲಿಯ ಮೂರು ಪಟ್ಟಿನ ಹತ್ತಿರವಿರಬೇಕು. ಈ ಅಂಕಿ ಮೊದಲ ಸಲ ಕಾಗದದ ಮೇಲೆ ಮೂಡಿದಾಗ ನನಗೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿತ್ತು. ಅದು ದುರಾಸೆಯಂತೆ ಕಾಣುತ್ತಿತ್ತು. ಆದರೆ ಲೆಕ್ಕವನ್ನು ತಾನೇ ಬಿಡಿಸಿ ನೋಡಿದವರಿಗೆ ಮಾತ್ರ ಅದನ್ನು ಗ್ರಾಹಕರ ಕಣ್ಣಲ್ಲಿ ಕಣ್ಣಿಟ್ಟು ಹೇಳಲು ಸಾಧ್ಯವಾಗುತ್ತದೆ. ಕಡಿಮೆ ಶುಲ್ಕಕ್ಕೆ ಒಪ್ಪಿಕೊಂಡವರು ಹೆಚ್ಚು ದಿನ ದುಡಿಯಲೇಬೇಕು, ಹೆಚ್ಚು ದಿನ ಬೇಕಾದವರು ಯಾವ ಕೆಲಸವನ್ನೂ ಒಲ್ಲೆನೆನ್ನಲಾರರು, ಒಲ್ಲೆನೆನ್ನಲಾರದವರು ಆ ಗೋದಾಮಿನಲ್ಲಿ ನಾನು ಮಾಡಿದ್ದನ್ನೇ ಮಾಡುತ್ತಾರೆ.

ಹಣ ಬರುವ ವೇಗದ ಬಗ್ಗೆಯೂ ಒಂದು ಮಾತು. ಮೊದಲ ಭೇಟಿಯಿಂದ ಒಪ್ಪಂದದವರೆಗೆ ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಕೆಲಸಕ್ಕೆ ಒಂದು ತಿಂಗಳು. ಬಿಲ್ಲಿನ ಮೇಲೆ 30 ದಿನಗಳೊಳಗೆ ಪಾವತಿ ಎಂದು ಬರೆದರೂ ಮಂಜೂರಾತಿ, ಸಹಿ, ಲೆಕ್ಕ ವಿಭಾಗದ ಸರದಿ ಎಂದು 60 ದಿನವಾದರೆ ಆಶ್ಚರ್ಯಪಡಬೇಕಿಲ್ಲ. ಒಟ್ಟಿನಲ್ಲಿ ಅರ್ಧ ವರ್ಷ. ಮೂರು ತಿಂಗಳ ಉಳಿತಾಯ ಹಿಡಿದು ಹೊರಟವಳಿಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕಿತ್ತು. ಈಗ ಯಾರಾದರೂ ಕೇಳಿದರೆ ಒಂಬತ್ತು ತಿಂಗಳ ಮನೆಖರ್ಚನ್ನು ಪಕ್ಕಕ್ಕೆ ತೆಗೆದಿಡುವವರೆಗೆ ರಾಜೀನಾಮೆ ಕೊಡಬೇಡಿ ಎನ್ನುತ್ತೇನೆ, ಮತ್ತು ಪ್ರತಿ ಒಪ್ಪಂದದಲ್ಲೂ ಮೂರನೆಯ ಒಂದು ಭಾಗವನ್ನಾದರೂ ಮುಂಗಡವಾಗಿ ಪಡೆಯಿರಿ ಎನ್ನುತ್ತೇನೆ. ಮುಂಗಡ ಕೊಡಲು ಹಿಂಜರಿಯುವವರು ಕೊನೆಯ ಕಂತನ್ನು ಕೊಡಲೂ ಹಿಂಜರಿಯುತ್ತಾರೆ. ನನ್ನ 9 ವರ್ಷಗಳಲ್ಲಿ ಇದಕ್ಕೆ ಅಪವಾದ ಒಂದೇ ಒಂದು ಸಿಕ್ಕಿದೆ.

ಶುಲ್ಕವನ್ನು ಗಂಟೆಗೆ ಹಾಕಬೇಕೆ, ದಿನಕ್ಕೆ ಹಾಕಬೇಕೆ, ಇಡೀ ಕೆಲಸಕ್ಕೆ ಗುತ್ತಿಗೆಯಾಗಿ ಹೇಳಬೇಕೆ, ತಿಂಗಳಿಗಿಷ್ಟೆಂದು ನಿಗದಿ ಮಾಡಿಕೊಳ್ಳಬೇಕೆ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಗಂಟೆಯ ಲೆಕ್ಕ ನಿಧಾನವಾಗಿ ಕೆಲಸ ಮಾಡುವವರಿಗೆ ಹೆಚ್ಚು ಕೊಡುತ್ತದೆ, ಹಾಗಾಗಿ ಅನುಭವ ಬೆಳೆದಷ್ಟೂ ಅದು ನಮಗೇ ನಷ್ಟ. ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳುವುದು ನನಗಿಷ್ಟ, ಆದರೆ ಕೆಲಸದ ಎಲ್ಲೆ ಸ್ಪಷ್ಟವಾಗಿದ್ದಾಗ ಮಾತ್ರ. ಉಳಿತಾಯವಾದ ಮೊತ್ತದಲ್ಲಿ ಪಾಲು ಪಡೆಯುವ ಪದ್ಧತಿಯಿಂದ ನಾನು ದೂರವೇ ಇದ್ದೇನೆ. ಫಲಿತಾಂಶದಲ್ಲಿ ಪಾಲಿರುವವರ ಕಣ್ಣು, ತಿಳಿಯದಂತೆ, ಬೇಗ ಕಾಣಿಸುವ ಉಳಿತಾಯದ ಕಡೆಗೇ ಹೊರಳುತ್ತದೆ.

ಎಲ್ಲೆ ಸ್ಪಷ್ಟವಾಗುವುದು ಕಾಗದದ ಮೇಲೆ. ನನ್ನ ಒಪ್ಪಂದ ಪತ್ರ ಈಗ ಎರಡು ಪುಟ ಮೀರುವುದಿಲ್ಲ. ಕಾನೂನು ತಿಳಿದವರಿಂದ ಒಮ್ಮೆ ತಿದ್ದಿಸಿದ ಪಡಿಯಚ್ಚನ್ನೇ ಬಳಸುತ್ತೇನೆ. ಅದರ ಮೊದಲ ಸಾಲು ಒಂದು ಪ್ರಶ್ನಾರ್ಥಕ ವಾಕ್ಯವಾಗಿರುತ್ತದೆ: ಈ ಕೆಲಸ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು. ಆ ವಾಕ್ಯವನ್ನು ಗ್ರಾಹಕರ ಜೊತೆ ಕುಳಿತು ಬರೆಯಲು ಕೆಲವೊಮ್ಮೆ ಇಡೀ ಬೆಳಗು ಬೇಕಾಗುತ್ತದೆ, ಅದು ವ್ಯರ್ಥವಾದ ಬೆಳಗಲ್ಲ. ಆಮೇಲೆ ನಾನು ಕೊಡುವುದೇನು, ಅದನ್ನು ಎಷ್ಟು ಬಾರಿ ತಿದ್ದಿಕೊಡುತ್ತೇನೆ, ಮಾಹಿತಿಯನ್ನು ಅವರ ಕಡೆಯಿಂದ ಯಾರು ಯಾವ ದಿನದೊಳಗೆ ಒದಗಿಸಬೇಕು, ಕಂತುಗಳು ಯಾವಾಗ, ಗೋಪ್ಯತೆ ಹೇಗೆ, ಇಬ್ಬರಲ್ಲಿ ಒಬ್ಬರಿಗೆ ಬೇಡವೆನಿಸಿದರೆ ಎಷ್ಟು ದಿನಗಳ ಸೂಚನೆ ಕೊಟ್ಟು ನಿಲ್ಲಿಸಬಹುದು. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಪಾಡಿದ್ದು ‘ಈ ಕೆಲಸದಲ್ಲಿ ಸೇರದ ಸಂಗತಿಗಳು’ ಎಂಬ ಸಣ್ಣ ಪರಿಚ್ಛೇದ. ಇದೂ ಒಂದನ್ನು ನೋಡಿಬಿಡಿ ಎಂದು ನಡುವೆ ಬರುವ ಕೋರಿಕೆಗಳು ಒಂದೊಂದೂ ಸಣ್ಣವೇ. ಹತ್ತು ಸೇರಿದಾಗ ಇನ್ನೊಂದು ಕೆಲಸವೇ ಆಗಿರುತ್ತದೆ. ಆ ಪರಿಚ್ಛೇದವಿದ್ದರೆ, ಮುಖ ಕೆಡಿಸಿಕೊಳ್ಳದೆ, ‘ಅದಕ್ಕೆ ಬೇರೆ ಪತ್ರ ಮಾಡೋಣ’ ಎನ್ನಬಹುದು. ಇವೆಲ್ಲದರ ಕೊನೆಗೆ ಇನ್ನೊಂದು ಸಾಲನ್ನು ನಾನು ಸೇರಿಸಿಕೊಂಡಿದ್ದೇನೆ: ಪ್ರಶ್ನೆಯ ಹೊರಗಿನದಾದರೂ ಗ್ರಾಹಕರಿಗೆ ಮುಖ್ಯವೆಂದು ಕಂಡದ್ದನ್ನು ಕಂಡ ವಾರದಲ್ಲೇ ಬರೆದು ತಿಳಿಸುತ್ತೇನೆ. ಅದನ್ನು ಸರಿಪಡಿಸುವುದು ನನ್ನ ಕೆಲಸವಲ್ಲ, ಹೇಳುವುದು ನನ್ನ ಕೆಲಸ. ಆ ಸಾಲು ಎಲ್ಲಿಂದ ಬಂತೆಂದು ಬೇರೆಯಾಗಿ ಹೇಳಬೇಕಿಲ್ಲ.

ಮೊದಲ ಗ್ರಾಹಕರ ವಿಷಯಕ್ಕೆ ಬರುತ್ತೇನೆ. ನನಗೆ ಗೊತ್ತಿರುವ ಹೆಚ್ಚಿನವರಿಗೆ ಮೊದಲ ಕೆಲಸ ಸಿಕ್ಕಿದ್ದು ಹಿಂದೆ ಜೊತೆಯಲ್ಲಿ ದುಡಿದವರಿಂದ, ಅವರ ಪರಿಚಯದವರಿಂದ. ಅಪರಿಚಿತರಿಗೆ ಕಳಿಸಿದ ನೂರು ಪತ್ರಗಳಿಗಿಂತ, ನಮ್ಮ ಕೆಲಸವನ್ನು ಕಣ್ಣಾರೆ ಕಂಡ ಹತ್ತು ಜನರೊಡನೆ ಆಡಿದ ಮಾತು ಮೇಲು. (ಹಳೆಯ ಕಂಪನಿಯೊಡನೆ ಮಾಡಿಕೊಂಡ ಕರಾರಿನಲ್ಲಿ, ಅವರ ಗ್ರಾಹಕರ ಬಳಿಗೆ ಹೋಗಬಾರದೆಂಬ ಷರತ್ತಿದೆಯೇ ಎಂದು ಓದಿಕೊಂಡೇ ಹೊರಡಬೇಕು.) ಆದರೆ ಆ ಹತ್ತು ಜನ ನಮ್ಮನ್ನು ಮತ್ತೊಬ್ಬರಿಗೆ ಪರಿಚಯಿಸಬೇಕಾದರೆ ನಾವು ಮಾಡುವುದೇನೆಂದು ಒಂದು ವಾಕ್ಯದಲ್ಲಿ ಹೇಳಲು ಅವರಿಗೆ ಆಗಬೇಕು. ಕಾರ್ಖಾನೆಯ ಕೆಲಸವನ್ನು ಅಳೆದು ನೋಡಿ ‘ವೈಜ್ಞಾನಿಕ ನಿರ್ವಹಣೆ’ ಎಂಬ ಪದ್ಧತಿಯನ್ನು ರೂಪಿಸಿದ ಅಮೆರಿಕದ ಫ್ರೆಡರಿಕ್ ಟೇಲರ್ 1893ರಲ್ಲಿ ಸಲಹಾ ಎಂಜಿನಿಯರ್ ಆಗಿ ಸ್ವತಂತ್ರವಾಗಿ ನಿಂತಾಗ, ಕಾರ್ಖಾನೆಯ ನಿರ್ವಹಣೆಯನ್ನೂ ಉತ್ಪಾದನೆಯ ವೆಚ್ಚವನ್ನೂ ಕ್ರಮಕ್ಕೆ ತರುವುದು ತನ್ನ ವಿಶೇಷತೆ ಎಂದು ಕಾರ್ಡಿನ ಮೇಲೇ ಹಾಕಿಸಿದ್ದರು. ಅವರ ಎಲ್ಲ ವಿಚಾರಗಳನ್ನೂ ನಾನು ಒಪ್ಪುವುದಿಲ್ಲ, ಆ ಕಾರ್ಡಿನ ನಿಖರತೆಯನ್ನು ಮೆಚ್ಚುತ್ತೇನೆ. ‘ವ್ಯವಹಾರ ಸಲಹೆ’ ಎಂದು ನನ್ನ ಮೊದಲ ಕಾರ್ಡಿನಲ್ಲಿದ್ದದ್ದು ಈಗ ‘ಗೋದಾಮಿನ ಲೆಕ್ಕ ತಾಳೆಯಾಗದಿದ್ದಾಗ’ ಎಂದಾಗಿದೆ. ವ್ಯಾಪ್ತಿ ಕಿರಿದಾಯಿತು, ಕರೆಗಳು ಹೆಚ್ಚಾದವು.

ಈ ವೃತ್ತಿಯ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಮಾತ್ರ ಲಿಲಿಯನ್ ಗಿಲ್‌ಬ್ರೆತ್ ಅವರನ್ನು. ಕೆಲಸ ಮಾಡುವವರ ಚಲನೆಗಳನ್ನು ಅಭ್ಯಾಸ ಮಾಡಿ ಆಯಾಸ ತಗ್ಗಿಸುವ ಸಲಹೆ ಕೊಡುವ ಸಂಸ್ಥೆಯನ್ನು ಅವರು ಪತಿ ಫ್ರಾಂಕ್ ಜೊತೆ ನಡೆಸುತ್ತಿದ್ದರು. 1924ರ ಜೂನ್‌ನಲ್ಲಿ ಫ್ರಾಂಕ್ ಹಠಾತ್ತನೆ ತೀರಿಕೊಂಡರು. ಮನೆಯಲ್ಲಿ ಹನ್ನೊಂದು ಮಕ್ಕಳು. ಕೆಲಸದಲ್ಲಿ ಸರಿಸಮಾನವಾಗಿ ಪಾಲಿದ್ದ ಲಿಲಿಯನ್ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರಾಗಿದ್ದರೂ ಹಲವು ಗ್ರಾಹಕ ಕಂಪನಿಗಳು ಒಪ್ಪಂದವನ್ನು ನವೀಕರಿಸಲಿಲ್ಲ. ಆಕೆ ಮನೆಯಲ್ಲೇ ಚಲನೆಯ ಅಧ್ಯಯನದ ತರಗತಿಗಳನ್ನು ನಡೆಸಿದರು. ಕಾರ್ಖಾನೆಗಳ ಬಾಗಿಲು ಅರ್ಧ ಮುಚ್ಚಿದಾಗ ದೊಡ್ಡ ಅಂಗಡಿಗಳ ಮಾರಾಟ ಸಿಬ್ಬಂದಿಯ ಕೆಲಸದ ಕಡೆಗೆ, ಅಡುಗೆಮನೆಯ ಕೆಲಸದ ಕಡೆಗೆ ತಿರುಗಿದರು. ಒಲೆ, ಸಿಂಕ್‌ಗಳ ಎತ್ತರ ಎಷ್ಟಿರಬೇಕೆಂದು ತೀರ್ಮಾನಿಸಲು ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಮಾತಾಡಿಸಿದರು. ಆ ಸಂಖ್ಯೆ ನೆನಪಾದಾಗಲೆಲ್ಲ, ಒಬ್ಬರೇ ಒಬ್ಬ ಹಿರಿಯ ನೌಕರರು ತಾವಾಗಿ ಬಂದು ಹೇಳಿದ್ದನ್ನೂ ನಾನು ನೋಟ್‌ಬುಕ್ಕಿನಲ್ಲೇ ಮುಚ್ಚಿಟ್ಟೆನಲ್ಲ ಎನಿಸುತ್ತದೆ.

ಗ್ರಾಹಕರು ಒಬ್ಬರೇ ಆಗಿಬಿಡುವ ಅಪಾಯ ಮೊದಲ ವರ್ಷ ಮುಗಿದ ಮೇಲೂ ತಪ್ಪುವುದಿಲ್ಲ. ಒಳ್ಳೆಯ ಗ್ರಾಹಕರು ಹೆಚ್ಚುಹೆಚ್ಚು ದಿನ ಕೇಳುತ್ತಾರೆ, ನಮಗೂ ಹಿತವೆನಿಸುತ್ತದೆ, ವರ್ಷದ ಕೊನೆಗೆ ನೋಡಿದರೆ ನಾವು ರಜೆ, ವಿಮೆ ಏನೂ ಇಲ್ಲದ ನೌಕರರಾಗಿರುತ್ತೇವೆ. ಹಲವು ದೇಶಗಳ ತೆರಿಗೆ ಕಾನೂನು ಇದನ್ನು ಗಮನಿಸುತ್ತದೆ. ಬ್ರಿಟನ್ ಇಂಥ ಮರೆಮಾಚಿದ ನೌಕರಿಯನ್ನು ಗುರುತಿಸಲು ಐಆರ್35 ಎಂಬ ನಿಯಮವನ್ನು 2000ದ ಏಪ್ರಿಲ್‌ನಲ್ಲಿ ಜಾರಿಗೆ ತಂದಿತು. ಕೆಲಸವನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಅಂಥ ಪರೀಕ್ಷೆಗಳಲ್ಲಿ ಮುಖ್ಯವಾಗಿ ಕೇಳುವ ಪ್ರಶ್ನೆ. ತೆರಿಗೆಯ ಅಧಿಕಾರಿ ಕೇಳುವ ಮೊದಲು ನಾವೇ ಅದನ್ನು ಕೇಳಿಕೊಳ್ಳುವುದು ಒಳ್ಳೆಯದು. ಮಗ್ಗ ನನ್ನದೆಂದು ಹೇಳಿಕೊಳ್ಳುತ್ತಿದ್ದೇನೆ, ಹಾಸು ಹೂಡುತ್ತಿರುವವರು ಯಾರು?

ನನ್ನ ಮೇಜಿನ ಪಕ್ಕದ ಗೋಡೆಯ ಮೇಲೆ ಒಂದು ಕಾಗದವಿದೆ. ಪ್ರತಿ ತಿಂಗಳ ಕೊನೆಯಲ್ಲಿ ಯಾವ ಗ್ರಾಹಕರಿಗೆ ಎಷ್ಟು ದಿನ ಕೊಟ್ಟೆನೆಂದು ಅದರಲ್ಲಿ ಗೀಟು ಹಾಕುತ್ತೇನೆ. ಕಳೆದ ವರ್ಷ ಒಟ್ಟು 118 ದಿನ; ಅತಿ ಹೆಚ್ಚು ಪಡೆದವರಿಗೆ 31. ಅತಿ ಕಡಿಮೆ ಪಡೆದವರಿಗೆ ಮೂರೇ ಗೀಟು. ಅವರು ಗೋದಾಮನ್ನು ದೊಡ್ಡದು ಮಾಡಬೇಕೆಂದು ಕರೆಸಿದ್ದರು. ನಾನು ಮೂರು ದಿನ ಕಪಾಟುಗಳ ನಡುವೆ ಓಡಾಡಿ, ಎರಡು ಪುಟ ಬರೆದುಕೊಟ್ಟೆ: ಜಾಗ ಸಾಕಷ್ಟಿದೆ, ಎರಡು ವರ್ಷದಿಂದ ಅಲುಗಾಡದ ಸರಕು ಅದನ್ನು ಹಿಡಿದು ಕೂತಿದೆ, ಅದನ್ನು ವಿಲೇವಾರಿ ಮಾಡಲು ನಿಮ್ಮ ಮಾರಾಟ ವಿಭಾಗವೇ ಸಾಕು, ಇದರಲ್ಲಿ ನನಗೆ ಮುಂದೆ ಕೆಲಸವಿಲ್ಲ. ಅವರು ಆ ಪುಟಗಳನ್ನು ಎರಡು ಸಲ ಓದಿ, ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದೆ. ಬಿಲ್ಲಿನ ಹಣ ಹನ್ನೊಂದನೆಯ ದಿನ ಬಂತು.